ಬಡಗಿಯ ಕೈಸಾಧನ: ಆರಿಸೋದು ಹೇಗೆ? ಕಾಪಾಡೋದು ಹೇಗೆ?

ನೇಮಕಲ್ಲು ನಮಗೆಲ್ಲ ಗೊತ್ತಿರೋ ಊರು. ರಾಯದುರ್ಗದ ಕಡೆ, ಬೊಮ್ಮನಹಾಳ್ ಮಂಡಲದಲ್ಲಿದೆ. ಅಲ್ಲಿನ ಆಂಜನೇಯ ಸ್ವಾಮಿ ಗುಡಿ ಹೆಸರುವಾಸಿ. ಶ್ರಾವಣ ಮಾಸದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಕಡೆ ಒಂದೇ ದಿನ ದರ್ಶನ ಮಾಡೋ ಭಕ್ತರು ತುಂಬಾ ಜನ.

ನಮ್ಮ ಈ ಸೀಮೆಯಲ್ಲಿ ಕನ್ನಡ ಮಾತಾಡೋರೂ ಇದ್ದಾರೆ, ತೆಲುಗು ಮಾತಾಡೋರೂ ಇದ್ದಾರೆ. ಮರದ ಕೆಲಸ ಮಾಡೋರನ್ನು ನಾವು ಬಡಗಿ ಅಂತೀವಿ. ಕೆಲವರು ಬಡಿಗೇರ ಅಂತಾರೆ, ಆಚಾರಿ ಅಂತಾರೆ. ತೆಲುಗಿನಲ್ಲಿ ವಡ್ರಂಗಿ ಅಂತಾರೆ. ಹೆಸರು ಬೇರೆ, ಕಸುಬು ಒಂದೇ.

ಹಿಂದೆ ಊರಿಗೆ ಬಡಗಿ ಇಲ್ಲದೆ ಬೇಸಾಯ ಇರಲಿಲ್ಲ. ನೇಗಿಲು, ಕುಂಟೆ, ಕೂರಿಗೆ, ಬಂಡಿ ಎಲ್ಲವೂ ಅವನ ಕೈಯಿಂದಲೇ ಆಗಬೇಕಿತ್ತು. ಅದಕ್ಕೆ ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದು ಕೊಡ್ತಿದ್ದರು. ಇದನ್ನು ಆಯ ಅಂತಿದ್ದರು. ಆಯ ಪಡೆಯೋರು ಆಯಗಾರರು. ಈಗ ಟ್ರ್ಯಾಕ್ಟರ್ ಬಂದಿದೆ, ಕಬ್ಬಿಣದ ನೇಗಿಲು ಬಂದಿದೆ. ಬಡಗಿಯ ಕೆಲಸ ಬಾಗಿಲು, ಕಿಟಕಿ, ಮಂಚ, ಬೀರು, ರಿಪೇರಿ ಕಡೆ ತಿರುಗಿದೆ. ಕೆಲಸ ಬದಲಾದರೂ ಒಂದು ಮಾತು ಬದಲಾಗಿಲ್ಲ. ಬಡಗಿಯ ಕೂಲಿ ಅವನ ಕೈಯಲ್ಲಿರೋ ಸಾಧನದ ಮೇಲೆ ನಿಂತಿದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂತ ಗಾದೆ ಇದೆ. ಕೆಲಸ ಬಾರದವನು ಸಾಧನವನ್ನು ಬೈತಾನೆ, ನಿಜ. ಆದರೆ ಕೆಲಸ ಚೆನ್ನಾಗಿ ಬರೋನ ಕೈಗೆ ಕೆಟ್ಟ ಉಳಿ ಕೊಟ್ಟರೆ ಅವನಾದರೂ ಏನು ಮಾಡ್ತಾನೆ? ಮರ ಹಾಳು, ಹೊತ್ತು ಹಾಳು. ಕೆಲವು ಸಲ ಕೈಯೂ ಹಾಳು.

ಹಾಗಾದರೆ ಒಳ್ಳೆಯ ಸಾಧನ ಅಂದರೆ ಯಾವುದು? ಹೊಳೆಯೋದೆಲ್ಲ ಒಳ್ಳೇದಾ? ಬೆಲೆ ಜಾಸ್ತಿ ಇರೋದೆಲ್ಲ ಒಳ್ಳೇದಾ? ಬನ್ನಿ, ತಿಳಿಯೋಣ.

ಬಡಗಿಯ ಚೀಲದಲ್ಲಿ ಏನೇನಿದೆ?

ಬಾಚಿ: ಮರವನ್ನು ಒರಟಾಗಿ ಕೆತ್ತೋದಕ್ಕೆ.
ಗರಗಸ: ಕೊಯ್ಯೋದಕ್ಕೆ, ಸೀಳೋದಕ್ಕೆ.
ಉಳಿ: ತೂತು ತೋಡೋದಕ್ಕೆ, ಸಣ್ಣದಾಗಿ ಕೆತ್ತೋದಕ್ಕೆ.
ಕೊಡತಿ: ಉಳಿಯ ಮೇಲೆ ಹೊಡೆಯೋ ಮರದ ಸುತ್ತಿಗೆ.
ಉಜ್ಜುಗೊರಡು: ಮರವನ್ನು ನುಣುಪು ಮಾಡೋದಕ್ಕೆ. ಇದಕ್ಕೆ ಹತ್ತರಿ, ತೋಪಡ ಅಂತಲೂ ಹೆಸರಿದೆ.
ಬೈರಿಗೆ: ದುಂಡಗೆ ತೂತು ಕೊರೆಯೋದಕ್ಕೆ.
ಮೂಲೆಮಟ್ಟ: ಮೂಲೆ ನೆಟ್ಟಗಿದೆಯಾ ಅಂತ ನೋಡೋದಕ್ಕೆ.
ಅರ ಮತ್ತು ಸಾಣೆಕಲ್ಲು: ಬೇರೆ ಸಾಧನಗಳನ್ನು ಹರಿತ ಮಾಡೋದಕ್ಕೆ.

ಇಷ್ಟು ಸಾಧನ ಚೆನ್ನಾಗಿದ್ದರೆ ಒಂದು ಬಾಗಿಲನ್ನು ಪೂರ್ತಿ ಮಾಡಬಹುದು. ಹಳೇ ಮನೆಯ ಬಾಗಿಲಿನ ಚೌಕಟ್ಟು ನೋಡಿ. ಒಂದು ಮರದ ತುದಿಯನ್ನು ನಾಲಗೆ ಹಾಗೆ ಕೆತ್ತಿರ್ತಾರೆ. ಇನ್ನೊಂದು ಮರದಲ್ಲಿ ಅದೇ ಅಳತೆಗೆ ತೂತು ತೋಡಿರ್ತಾರೆ. ನಾಲಗೆಯನ್ನು ತೂತಿನಲ್ಲಿ ಕೂರಿಸಿದರೆ ಮೂಲೆ ಬಿಗಿಯಾಗಿ ನಿಲ್ಲುತ್ತೆ. ಅಂಥ ಕೂಡಿಕೆ ಹರಿತವಾದ ಉಳಿಯಿಂದ ಮಾತ್ರ ಸರಿಯಾಗಿ ಆಗುತ್ತೆ.

ಉಕ್ಕು ನಮ್ಮದೇ ಮಾತು

ಸಾಧನದ ಜೀವ ಇರೋದು ಅದರ ಬಾಯಲ್ಲಿ. ಬಾಯಿ ಅಂದರೆ ಹರಿತವಾದ ತುದಿ. ಆ ಬಾಯಿ ಉಕ್ಕಿನದಾಗಿರಬೇಕು.

ಕಬ್ಬಿಣಕ್ಕೂ ಉಕ್ಕಿಗೂ ಏನು ಭೇದ? ಉಕ್ಕಿನಲ್ಲಿ ಸ್ವಲ್ಪ ಇಂಗಾಲ ಸೇರಿರುತ್ತೆ. ಇದ್ದಲಲ್ಲಿ ಇರೋದೂ ಅದೇ ಇಂಗಾಲ. ಒಳ್ಳೆ ಉಳಿಯ ಉಕ್ಕಿನಲ್ಲಿ ಇದು ನೂರರಲ್ಲಿ ಒಂದು ಪಾಲಿನ ಆಸುಪಾಸು ಇರುತ್ತೆ. ಇಷ್ಟೇ ಇಷ್ಟು ಇಂಗಾಲ ಸೇರಿದರೆ ಸಾಕು. ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಟ್ಟಿಯಾಗುತ್ತೆ. ಇಂಗಾಲ ಇಲ್ಲದ ಬರೀ ಕಬ್ಬಿಣ ಹಾಗೆ ಗಟ್ಟಿಯಾಗೋದಿಲ್ಲ.

ಈ ಉಕ್ಕನ್ನು ಹಿಂದೆ ನಮ್ಮ ಸುತ್ತಮುತ್ತಲೇ ಮಾಡ್ತಿದ್ದರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಮಡಕಶಿರಾದ ಪಕ್ಕದ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯೋದನ್ನು ಬರೆದಿಟ್ಟ. ಉಕ್ಕು ಮಾಡೋದನ್ನೂ ಬರೆದ.

ಉಕ್ಕು ಮಾಡೋದು ಹೀಗೆ. ಕಬ್ಬಿಣದ ಚೂರನ್ನು ಸಣ್ಣ ಮಣ್ಣಿನ ಮೂಸೆಯಲ್ಲಿ ಹಾಕ್ತಿದ್ದರು. ಜೊತೆಗೆ ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ಹಾಕ್ತಿದ್ದರು. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ತಿದಿ ಊದಿ ಕಾಯಿಸ್ತಿದ್ದರು. ಒಳಗಿನ ಕಟ್ಟಿಗೆ ಸುಟ್ಟು ಇದ್ದಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರ್ತಿತ್ತು. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡೋ ತಂಗಡಿ ಗಿಡವೇ ಅದು!

ಈ ಉಕ್ಕನ್ನು ಹೊರದೇಶದವರು ‘ವೂಟ್ಜ್’ ಅಂತ ಕರೆದರು. ಕನ್ನಡ, ತೆಲುಗಿನ ‘ಉಕ್ಕು’ ಎಂಬ ಮಾತೇ ಹಾಗಾಯಿತು ಅಂತ ತಿಳಿದವರು ಹೇಳ್ತಾರೆ. 1795ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇದನ್ನು ತರಿಸಿಕೊಂಡು ಪರೀಕ್ಷೆ ಮಾಡಿ ಬರೆದರು. ಆಮೇಲೆ ಕಾರ್ಖಾನೆಯ ಅಗ್ಗದ ಉಕ್ಕು ಬಂತು. ನಮ್ಮ ಮೂಸೆಗಳು ತಣ್ಣಗಾದವು.

ಗಟ್ಟಿ ಒಂದೇ ಸಾಲದು

“ಉಕ್ಕು ಎಷ್ಟು ಗಟ್ಟಿ ಇದ್ದರೆ ಅಷ್ಟು ಒಳ್ಳೇದಲ್ವಾ?” ಅಂತ ನೀವು ಕೇಳಬಹುದು. ಅಲ್ಲ. ಬರೀ ಗಟ್ಟಿ ಇದ್ದರೆ ಹಪ್ಪಳದ ಹಾಗೆ ಮುರಿಯುತ್ತೆ. ಬರೀ ಮೆತ್ತಗಿದ್ದರೆ ರೊಟ್ಟಿ ಹಾಗೆ ಬಾಗುತ್ತೆ. ಎರಡರ ನಡುವೆ ಇರಬೇಕು. ಈ ನಡುವಿನ ಗುಣಕ್ಕೆ ಹದ ಅಂತಾರೆ.

ಹದ ಮಾಡೋ ಕೆಲಸ ಎರಡು ಹಂತದ್ದು. ಮೊದಲು ಕಮ್ಮಾರ ಉಳಿಯ ಬಾಯನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾನೆ. ಆಗ ಅದು ತುಂಬ ಗಟ್ಟಿಯಾಗುತ್ತೆ. ಆಮೇಲೆ ಉಜ್ಜಿ ಹೊಳಪು ಮಾಡಿ, ಮತ್ತೆ ಸಣ್ಣ ಶಾಖ ಕೊಡ್ತಾನೆ. ಆಗ ಉಕ್ಕಿನ ಮೇಲೆ ಬಣ್ಣ ಓಡುತ್ತೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಹಳದಿ ಬರೋದು ಸುಮಾರು 220ರಿಂದ 230 ಡಿಗ್ರಿ ಶಾಖಕ್ಕೆ. ನೀಲಿ ಬರೋದು ಸುಮಾರು 300 ಡಿಗ್ರಿಗೆ. ಮರದ ಉಳಿಗೆ ಹಳದಿ ಬಣ್ಣ ಬಂದಾಗಲೇ ನಿಲ್ಲಿಸಬೇಕು. ನೀಲಿಗೆ ಹೋದರೆ ಬಾಯಿ ಮೆತ್ತಗಾಯಿತು ಅಂತಲೇ ಅರ್ಥ.

ಇದನ್ನು ಯಾಕೆ ಹೇಳಿದ್ದು ಗೊತ್ತಾ? ಈಗ ಬಹಳ ಜನ ಉಳಿಯನ್ನು ಕರೆಂಟಿನ ಗ್ರೈಂಡರಿಗೆ ಹಿಡೀತಾರೆ. ಕಿಡಿ ಹಾರುತ್ತೆ, ಬೇಗ ಹರಿತ ಆಯಿತು ಅನ್ನಿಸುತ್ತೆ. ಬಾಯಿ ನೋಡಿದರೆ ನೀಲಿ! ಹದ ಹೋಯಿತು. ಆ ಉಳಿ ನಾಲ್ಕು ಏಟಿಗೆ ಮೊಂಡಾಗುತ್ತೆ. ಆಮೇಲೆ “ಕಂಪನಿ ಮೋಸ” ಅಂತ ಬೈತೀವಿ. ಗ್ರೈಂಡರಿಗೆ ಹಿಡಿಯಲೇಬೇಕಾದರೆ ಮೆಲ್ಲಗೆ ತಾಗಿಸಿ, ಎರಡು ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ. ಬೆರಳಿಗೆ ಬಿಸಿ ತಾಗೋ ಮೊದಲೇ ತೆಗೀಬೇಕು.

ಇನ್ನೊಂದು ಜಾಣತನ ಹಳೇ ಕಮ್ಮಾರರಿಗೆ ಗೊತ್ತಿತ್ತು. ಬಾಚಿ, ಕೊಡಲಿಗಳ ಮೈ ಮೆತ್ತನೆ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು. ಎರಡನ್ನೂ ಕಾಯಿಸಿ ಬಡಿದು ಒಂದು ಮಾಡ್ತಿದ್ದರು. ಮೈ ಏಟು ತಾಳುತ್ತೆ, ಬಾಯಿ ಹರಿತ ಹಿಡಿಯುತ್ತೆ. ಜಪಾನ್ ದೇಶದ ಬಡಗಿಗಳ ಉಳಿಗಳೂ ಹೀಗೇ. ಅವು ಲೋಕಕ್ಕೆಲ್ಲ ಹೆಸರಾಗಿವೆ, ಬೆಲೆಯೂ ದುಬಾರಿ. ಅದೇ ಉಪಾಯ ನಮ್ಮ ಊರಿನ ಕುಲುಮೆಯಲ್ಲೂ ಇತ್ತು. ಈಗಲೂ ಕೆಲವು ಕಮ್ಮಾರರು ಲಾರಿಯ ಹಳೇ ಕಮಾನು ಪಟ್ಟಿಯಿಂದ ಒಳ್ಳೆ ಬಾಚಿ, ಉಳಿ ಮಾಡಿಕೊಡ್ತಾರೆ. ಆ ಪಟ್ಟಿಯೂ ಉಕ್ಕಿನದೇ.

ಅಂಗಡಿಯಲ್ಲಿ ನೋಡಿ ಕೊಳ್ಳಿ

ನಮ್ಮ ಕಡೆಯವರು ಸಾಧನ ಕೊಳ್ಳೋಕೆ ರಾಯದುರ್ಗಕ್ಕೋ ಬಳ್ಳಾರಿಗೋ ಹೋಗ್ತಾರೆ. ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ.

1. ಅಕ್ಷರ ಓದಿ. ಉಳಿಯ ಮೈಮೇಲೆ ಕಂಪನಿ ಹೆಸರು, ಅಳತೆ ಒತ್ತಿರ್ತಾರೆ. ಐ.ಎಸ್.ಐ. ಗುರುತು ಇದೆಯಾ ನೋಡಿ. ಈಗ ನಿಮಗೆ ಓದೋಕೆ ಬರುತ್ತಲ್ಲ! ಹೆಸರೇ ಇಲ್ಲದ, ಅಥವಾ ಹೆಸರಾದ ಕಂಪನಿಯ ಅಕ್ಷರವನ್ನು ಒಂಚೂರು ಬದಲಾಯಿಸಿ ಒತ್ತಿದ ಮಾಲು ಬೇಡ. ಪಂಜಾಬಿನ ಜಲಂಧರ್ ಊರು ಕೈಸಾಧನ ಮಾಡೋದಕ್ಕೆ ಹೆಸರಾಗಿದೆ.

2. ಅರದಿಂದ ಪರೀಕ್ಷೆ ಮಾಡಿ. ಸಣ್ಣ ಹಳೇ ಅರ ಜೇಬಿನಲ್ಲಿರಲಿ. ಅಂಗಡಿಯವರನ್ನು ಕೇಳಿ, ಉಳಿಯ ಬಾಯಿಯ ಪಕ್ಕದ ಅಂಚಿಗೆ ಮೆಲ್ಲಗೆ ಉಜ್ಜಿ. ಅರ ಜಾರಿದರೆ ಉಕ್ಕು ಗಟ್ಟಿ ಇದೆ. ಅರ ಕಚ್ಚಿ ಪುಡಿ ಉದುರಿಸಿದರೆ ಮೆತ್ತಗಿದೆ, ಬಿಡಿ.

3. ಬೆನ್ನು ನೋಡಿ. ಉಳಿಯ ಚಪ್ಪಟೆ ಬೆನ್ನನ್ನು ಕಣ್ಣಿನ ಸಮಕ್ಕೆ ಹಿಡಿದು ನೋಡಿ. ಡೊಂಕು ಇರಬಾರದು. ಬೆನ್ನು ಡೊಂಕಾದರೆ ತೂತು ಡೊಂಕು.

4. ಕಾವು ನೋಡಿ. ಕಾವು ಅಂದರೆ ಹಿಡಿ. ಮರದ ಎಳೆ ಉದ್ದಕ್ಕೆ ಓಡಿರಬೇಕು. ಅಡ್ಡ ಎಳೆಯ ಕಾವು ಏಟಿಗೆ ಸೀಳುತ್ತೆ. ಅಲ್ಲಾಡುವ ಕಾವು ಅಪಾಯ. ಕಾವಿಗೆ ಜಾಲಿ ಒಳ್ಳೆಯದು. ಕೊಡತಿಗೆ ಹುಣಿಸೆ ಮರ ಒಳ್ಳೆಯದು, ತೂಕ ಇರುತ್ತೆ, ಬೇಗ ಸೀಳೋದಿಲ್ಲ.

5. ಗರಗಸದ ಹಲ್ಲು ಎಣಿಸಿ. ಎಳೆಯುದ್ದಕ್ಕೆ ಸೀಳೋ ಗರಗಸಕ್ಕೆ ಹಲ್ಲು ದೊಡ್ಡದು, ಒಂದು ಅಂಗುಲಕ್ಕೆ 4ರಿಂದ 6 ಸಾಕು. ಎಳೆಗೆ ಅಡ್ಡ ಕೊಯ್ಯೋದಕ್ಕೆ 7ರಿಂದ 10 ಹಲ್ಲು ಬೇಕು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿರಬೇಕು. ಇಲ್ಲದಿದ್ದರೆ ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತೆ.

6. ಮೂಲೆಮಟ್ಟ ಪರೀಕ್ಷೆ ಮಾಡಿ. ಅಂಚು ನೆಟ್ಟಗಿರೋ ಹಲಗೆಗೆ ಮೂಲೆಮಟ್ಟ ಇಟ್ಟು ಒಂದು ಗೀಟು ಎಳೀರಿ. ಮೂಲೆಮಟ್ಟ ಮಗುಚಿ, ಅದೇ ಜಾಗದಲ್ಲಿ ಇನ್ನೊಂದು ಗೀಟು ಎಳೀರಿ. ಎರಡೂ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ. ಎರಡೂ ಕವಲೊಡೆದರೆ ತಪ್ಪು.

ಅಗ್ಗ ಯಾವುದು? ಲೆಕ್ಕ ಮಾಡಿ

ಒಂದು ಉಳಿಗೆ 100 ರೂಪಾಯಿ ಅಂದುಕೊಳ್ಳಿ. ಅದು 4 ತಿಂಗಳು ಬಾಳುತ್ತೆ. ಇನ್ನೊಂದಕ್ಕೆ 400 ರೂಪಾಯಿ. ಅದು 5 ವರ್ಷ ಬಾಳುತ್ತೆ. ಯಾವುದು ಅಗ್ಗ?

5 ವರ್ಷ ಅಂದರೆ 60 ತಿಂಗಳು. 60 ತಿಂಗಳಿಗೆ 4 ತಿಂಗಳ ಉಳಿ ಎಷ್ಟು ಬೇಕು? 15. ಹದಿನೈದು ಉಳಿಗೆ 1,500 ರೂಪಾಯಿ. ಒಳ್ಳೆ ಉಳಿಗೆ 400 ರೂಪಾಯಿ ಮಾತ್ರ. ಉಳಿತಾಯ 1,100 ರೂಪಾಯಿ! ಮೊಂಡು ಉಳಿಯಿಂದ ಹಾಳಾದ ಮರ, ಹೋದ ಹೊತ್ತು ಇದರಲ್ಲಿ ಸೇರಿಲ್ಲ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಾಗಿಲ್ಲ. ಮೊದಲು ಎರಡು ಒಳ್ಳೆ ಉಳಿ, ಒಂದು ಗರಗಸ, ಒಂದು ಸಾಣೆಕಲ್ಲು ತಗೊಳ್ಳಿ. ಸಾಣೆಕಲ್ಲು ಬಿಟ್ಟು ಉಳಿ ಕೊಳ್ಳೋದು, ಮೇವಿಲ್ಲದೆ ಎತ್ತು ಕೊಂಡ ಹಾಗೆ.

ಸಾಣೆ ಹಿಡಿಯೋ ಕ್ರಮ

ಹೊಸ ಉಳಿ ಅಂಗಡಿಯಿಂದ ಪೂರ್ತಿ ಹರಿತವಾಗಿ ಬರೋದಿಲ್ಲ. ಮನೆಗೆ ತಂದು ಸಾಣೆ ಹಿಡೀಬೇಕು.

ಮೊದಲು ಬೆನ್ನು. ಕಲ್ಲಿಗೆ ನೀರು ಹಾಕಿ, ಉಳಿಯ ಬೆನ್ನನ್ನು ಮಟ್ಟಸವಾಗಿ ಇಟ್ಟು ಉಜ್ಜಿ. ಬಾಯಿಯ ಹತ್ತಿರ ಒಂದೇ ಸಮ ಹೊಳೀಬೇಕು.

ಆಮೇಲೆ ಇಳಿಜಾರು. ಇಳಿಜಾರು ಎಷ್ಟಿರಬೇಕು? ಸುಲಭದ ಲೆಕ್ಕ ಇದೆ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡು ಪಟ್ಟು ಇರಲಿ. ಉಳಿ 4 ಮಿಲಿಮೀಟರ್ ದಪ್ಪ ಇದ್ದರೆ ಇಳಿಜಾರು 8 ಮಿಲಿಮೀಟರ್. ಆಗ ಕೋನ ಸರಿಯಾಗಿ 30 ಡಿಗ್ರಿ ಬರುತ್ತೆ. ಜಾಲಿಯಂಥ ಗಟ್ಟಿ ಮರಕ್ಕೂ ಇದು ತಾಳುತ್ತೆ. ಇಳಿಜಾರು ಇನ್ನೂ ಉದ್ದವಾದರೆ ಬಾಯಿ ತೆಳುವಾಗಿ ಬೇಗ ಮುರಿಯುತ್ತೆ. ಗಿಡ್ಡವಾದರೆ ಮರಕ್ಕೆ ಇಳಿಯೋದಿಲ್ಲ.

ಉಜ್ಜುವಾಗ ಕೈ ಮೇಲೆ ಕೆಳಗೆ ಆಡಬಾರದು. ಸ್ವಲ್ಪ ಹೊತ್ತಿಗೆ ಬೆನ್ನಿನ ಕಡೆ ಒಂದು ತೆಳು ಎಳೆ ಮಡಚಿಕೊಳ್ಳುತ್ತೆ. ಬೆರಳನ್ನು ಬೆನ್ನಿನಿಂದ ಹೊರಕ್ಕೆ ಸವರಿದರೆ ಕೈಗೆ ತಿಳಿಯುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೀಬೇಡಿ, ಕೊಯ್ಯುತ್ತೆ. ಎಳೆ ಬಂದರೆ ಸಾಣೆ ಬಾಯಿಯವರೆಗೆ ಮುಟ್ಟಿತು ಅಂತ ಅರ್ಥ. ಈಗ ಬೆನ್ನನ್ನು ಮತ್ತೆ ಮಟ್ಟಸವಾಗಿ ಎರಡು ಸಲ ಉಜ್ಜಿ ಎಳೆ ತೆಗೀರಿ. ಕೊನೆಗೆ ಹಳೇ ಬೆಲ್ಟಿನ ಚರ್ಮದ ಮೇಲೆ ಹಿಂದಕ್ಕೆ ನಾಲ್ಕು ಸಲ ಎಳೀರಿ.

ಹರಿತ ಆಯಿತಾ ಅಂತ ಹೆಬ್ಬೆರಳಲ್ಲಿ ನೋಡಬೇಡಿ. ಮರದ ತುಂಡಿನ ಕೊನೆಯ ಮೇಲೆ ಕೆತ್ತಿ ನೋಡಿ. ಪುಡಿ ಪುಡಿ ಆದರೆ ಮೊಂಡು. ನುಣುಪಾಗಿ ಸಿಪ್ಪೆ ಎದ್ದರೆ ಹರಿತ.

ಮೊಂಡು ಉಳಿಯೇ ಕೈ ಕೊಯ್ಯುತ್ತೆ

ಹೊಸದಾಗಿ ಕಲಿಯೋ ಹುಡುಗರು ಕೇಳ್ತಾರೆ, “ತಾತ, ಉಳಿ ಅಷ್ಟು ಹರಿತ ಯಾಕೆ? ಕೈ ಕೊಯ್ಯಲ್ವಾ?” ಅದಕ್ಕೆ ಹಿರಿಯರ ಉತ್ತರ ಹೀಗಿರುತ್ತೆ: “ಇಲ್ಲ ಕಣಪ್ಪಾ. ಹರಿತ ಉಳಿ ನೀನು ಹೇಳಿದ ಕಡೆ ಹೋಗುತ್ತೆ. ಮೊಂಡು ಉಳಿ ಅದು ಹೇಳಿದ ಕಡೆ ನಿನ್ನ ಕೈ ಒಯ್ಯುತ್ತೆ.”

ಮಾತು ನಿಜ. ಉಳಿ ಮೊಂಡಾದರೆ ಜೋರು ಹಾಕ್ತೀವಿ. ಜೋರು ಹಾಕಿದಾಗ ಜಾರುತ್ತೆ. ಜಾರಿದ್ದು ಮರ ಹಿಡಿದ ಎಡಗೈಗೆ ಬೀಳುತ್ತೆ. ಬಡಗಿಗೆ ಒಂದು ಬೆರಳು ಹೋದರೆ ಮನೆಯ ಊಟವೇ ಹೋದ ಹಾಗೆ. ಎಂದೂ ಉಳಿಯ ಬಾಯಿಯ ಮುಂದೆ ಕೈ ಇಡಬೇಡಿ. ಮರವನ್ನು ಬಿಗಿಯಾಗಿ ಕಟ್ಟಿ, ಎರಡೂ ಕೈ ಉಳಿಯ ಹಿಂದೆ ಇರಲಿ.

ಕಾಪಾಡೋದು

ಎಲ್ಲ ಸಾಧನ ಒಂದೇ ಗೋಣಿಚೀಲಕ್ಕೆ ತುಂಬಬೇಡಿ. ಬಾಯಿಗೆ ಬಾಯಿ ತಾಗಿ ಚುಕ್ಕೆ ಬೀಳುತ್ತೆ. ದಪ್ಪ ಬಟ್ಟೆಯಲ್ಲಿ ಬೇರೆ ಬೇರೆ ಖಾನೆ ಹೊಲಿಸಿ ಸುತ್ತಿಡಿ. ಮನೆಯ ಹೆಣ್ಣುಮಕ್ಕಳು ಹೊಲಿಗೆ ಕಲಿತಿದ್ದರೆ ಮನೆಯಲ್ಲೇ ಆಗುತ್ತೆ.

ಕೆಲಸ ಮುಗಿದ ಮೇಲೆ ಒರೆಸಿ, ಎಣ್ಣೆ ಬಟ್ಟೆ ಸವರಿ ಇಡಿ. ಉಜ್ಜುಗೊರಡನ್ನು ನೆಲಕ್ಕೆ ಬಾಯಿ ಮಾಡಿ ಇಡಬೇಡಿ, ಪಕ್ಕಕ್ಕೆ ಮಲಗಿಸಿ. ಹಳೇ ಮರ ಕೊಯ್ಯೋ ಮೊದಲು ಮೊಳೆ ಇದೆಯಾ ನೋಡಿ.

ಆಯುಧಪೂಜೆ ದಿನ ಸಾಧನಕ್ಕೆ ಅರಿಶಿನ, ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ. ಒಳ್ಳೆಯದೇ. ಆದರೆ ಒದ್ದೆ ಅರಿಶಿನ ಹಾಗೇ ಬಿಟ್ಟರೆ ಉಕ್ಕಿಗೆ ತುಕ್ಕು ಹಿಡಿಯುತ್ತೆ. ಮಾರನೇ ದಿನ ಒರೆಸಿ ಎಣ್ಣೆ ಹಚ್ಚಿ. ಅದೂ ಪೂಜೆಯೇ.

ಮಿಶಿನ್ ಬಂದ ಮೇಲೆ ಇದೆಲ್ಲ ಬೇಕಾ?

ಬೇಕು. ಕರೆಂಟಿನ ಗರಗಸ, ಕರೆಂಟಿನ ಉಜ್ಜುಗೊರಡು ಬೇಗ ಕೆಲಸ ಮಾಡ್ತವೆ. ದೊಡ್ಡ ಹಲಗೆ ಸೀಳೋದಕ್ಕೆ ಅವೇ ಸರಿ. ಆದರೆ ಬಾಗಿಲಿಗೆ ಹಿಂಜು ಕೂರಿಸೋದು, ಕೂಡಿಕೆಯ ಮೂಲೆ ತೀಡೋದು, ಮಳೆಗಾಲದಲ್ಲಿ ಊದಿದ ಬಾಗಿಲನ್ನು ಒಂದು ಎಳೆ ಕೆತ್ತೋದು ಇವೆಲ್ಲ ಕೈಕೆಲಸ. ಕರೆಂಟು ಹೋದಾಗಲೂ ಉಳಿ ನಡೆಯುತ್ತೆ. ಮಿಶಿನ್ ಇರಲಿ, ಕೈಸಾಧನವೂ ಇರಲಿ.

ಸರ್ಕಾರದ ನೆರವು

ಕೇಂದ್ರ ಸರ್ಕಾರದ ಪಿ.ಎಂ. ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಇದರಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ ಇಬ್ಬರೂ ಇದ್ದಾರೆ. ಯೋಜನೆಯ ಅವಧಿ 2027–28ರವರೆಗೆ.

ಮೊದಲು 5ರಿಂದ 7 ದಿನದ ತರಬೇತಿ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ. ಸಾಧನ ಕೊಳ್ಳೋದಕ್ಕೆ 15,000 ರೂಪಾಯಿವರೆಗೆ ಇ-ವೋಚರ್. ಆಮೇಲೆ ಅಡಮಾನ ಇಲ್ಲದೆ ಮೊದಲು 1 ಲಕ್ಷ, ಅದು ತೀರಿಸಿದರೆ 2 ಲಕ್ಷ ರೂಪಾಯಿವರೆಗೆ ಸಾಲ. ಬಡ್ಡಿ ನೂರಕ್ಕೆ 5. ವಯಸ್ಸು 18 ತುಂಬಿರಬೇಕು. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಸರ್ಕಾರಿ ನೌಕರರ ಮನೆಯವರಿಗೆ ಇಲ್ಲ.

ಆಧಾರ್, ಬ್ಯಾಂಕ್ ಪುಸ್ತಕ, ರೇಷನ್ ಕಾರ್ಡು, ಮೊಬೈಲ್ ಹಿಡಿದು ಹತ್ತಿರದ ಸಿ.ಎಸ್.ಸಿ. ಕೇಂದ್ರದಲ್ಲಿ ಕೇಳಿ. ಈಗ ಹೊಸ ಅರ್ಜಿ ತಗೊಳ್ತಾರಾ ಅಂತ ಮೊದಲು ವಿಚಾರಿಸಿ. ಹೆಸರು ಬರೆಸೋದಕ್ಕೆ ಹಣ ಕೊಡಬೇಕಾಗಿಲ್ಲ. “ಇಷ್ಟು ಕೊಡು, ಮಾಡಿಸಿಕೊಡ್ತೀನಿ” ಅನ್ನೋರನ್ನು ನಂಬಬೇಡಿ. ಮೊಬೈಲಿಗೆ ಬಂದ ನಂಬರನ್ನು ಯಾರಿಗೂ ಹೇಳಬೇಡಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತೋ ಕಾಲ ಹೋಯಿತು. ಓದಿ ನೋಡಿ, ಆಮೇಲೆ ಸಹಿ ಹಾಕಿ. ಸಾಧನ ಕೈಗೆ ಬಂದಾಗಲೂ ಮೇಲೆ ಹೇಳಿದ ಹಾಗೆ ಒಂದೊಂದನ್ನೂ ಪರೀಕ್ಷೆ ಮಾಡಿ.

ಹೊಸ ಪದಗಳು

ಹದ – ಉಕ್ಕಿನ ಗಟ್ಟಿತನ ಸರಿಯಾಗಿ ಕೂತಿರೋದು
ಮೂಸೆ – ಲೋಹ ಕರಗಿಸೋ ಮಣ್ಣಿನ ಪಾತ್ರೆ
ತಿದಿ – ಬೆಂಕಿಗೆ ಗಾಳಿ ಊದೋ ಚರ್ಮದ ಚೀಲ
ಕುಲುಮೆ – ಕಮ್ಮಾರನ ಬೆಂಕಿ ಒಲೆ
ಅಡಮಾನ – ಸಾಲಕ್ಕೆ ಒತ್ತೆ ಇಡೋ ಆಸ್ತಿ

ಉತ್ತರ ಹೇಳಿ

1. ಗ್ರೈಂಡರಿಗೆ ಹಿಡಿದ ಉಳಿಯ ಬಾಯಿ ನೀಲಿಯಾದರೆ ಏನಾಗುತ್ತೆ?
2. ಉಳಿಯ ದಪ್ಪ 3 ಮಿಲಿಮೀಟರ್. ಇಳಿಜಾರು ಎಷ್ಟಿರಬೇಕು?
3. ಮೂಲೆಮಟ್ಟ ಸರಿ ಇದೆ ಅಂತ ಹೇಗೆ ತಿಳಿಯುತ್ತೀರಿ? ನಿಮ್ಮ ಊರಿನ ಬಡಗಿಯ ಮೂಲೆಮಟ್ಟದಲ್ಲಿ ಮಾಡಿ ನೋಡಿ.
4. ನಿಮ್ಮ ಊರಿನಲ್ಲಿ ಬಾಚಿ, ಉಳಿ ಮಾಡೋ ಕಮ್ಮಾರ ಇದ್ದಾರಾ? ಅವರನ್ನು ಮಾತಾಡಿಸಿ, ತಿಳಿದ ಸಂಗತಿಯನ್ನು ಐದು ಸಾಲು ಬರೆಯಿರಿ.